ಸಂಡಿಗೆ ಜಾಗದ ತೆರಿಗೆ

೨೫ ಮೇ ೨೦೨೫, ಭಾನುವಾರ

ನನ್ನ ಯಜಮಾನರಾದ ಮಧುಕರ್ ಅವರಿಗೆ ಚಾಮಿ ಮಾಡುವ ನಮಸ್ಕಾರ.

ರೀ, ದಪ್ಪ ಲಕೋಟೆ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ನಾನು ಆರೋಗ್ಯವಾಗಿದ್ದೇನೆ. ನೇಹಾ ತ್ಸುಕುಬಾದಲ್ಲಿ ಸೈಕಲ್ ತುಳಿದುಕೊಂಡು ಯೂನಿವರ್ಸಿಟಿಗೆ ಹೋಗಿ ಬಂದು ಮಾಡುತ್ತಿದ್ದಾಳೆ. ಮನೆ ಸೋರುತ್ತಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೆ, ಈಗ ತಾನೇ ಇನ್ನೊಂದು ಸಲ ಎದ್ದು ಹೋಗಿ ನೋಡಿ ಬಂದೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಫೋನಿನಲ್ಲಿ ನಾನು ಮಾತು ಶುರು ಮಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಿಮಗೆ ಮೀಟಿಂಗ್ ಬಂದುಬಿಡುತ್ತದೆ. ಶಿನಾಗಾವಾದಲ್ಲಿ ಭಾನುವಾರವೂ ಮೀಟಿಂಗ್ ಇರುತ್ತದೆ ಅಂತ ನನಗೆ ಈ ಎಂಟು ತಿಂಗಳಲ್ಲಿ ಗೊತ್ತಾಯಿತು. ಕಾಗದವಾದರೆ ಎಲ್ಲಿಗೂ ಓಡುವುದಿಲ್ಲ, ಮಡಚಿಟ್ಟು ಮತ್ತೆ ಓದಬಹುದು. ಅದಕ್ಕೇ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಪೆನ್ನು ಹಿಡಿದು ಕೂತಿದ್ದೇನೆ. ಕೈಬರಹ ಸೊಟ್ಟಗಿದ್ದರೆ ಹೊಂದಿಸಿಕೊಳ್ಳಿ, ವಿಷಯ ನೆಟ್ಟಗಿದೆ.

ವಿಷಯ ಇಷ್ಟು. ಮನೆಯ ಹಿಂದಿನ ಜಾಗವನ್ನು ಪಾರ್ಕಿಂಗ್ ಕಂಪನಿಯವರಿಗೆ ಮಾರುವುದಾಗಿಯೂ, ಜೂನ್ ಕೊನೆಗೆ ಸಹಿ ಹಾಕುವುದಾಗಿಯೂ ನೀವು ಬ್ರೋಕರ್‌ಗೆ ಮಾತು ಕೊಟ್ಟಿದ್ದೀರಿ. ದಯವಿಟ್ಟು ಆ ಸಹಿ ಹಾಕಬೇಡಿ. ನೀವು ಮಾರಲು ಕೊಟ್ಟ ಕಾರಣ ಒಂದೇ, ತೆರಿಗೆ. ಅಷ್ಟು ತೆರಿಗೆಯನ್ನು ನಾವು ಕಟ್ಟಬೇಕಾಗಿಯೇ ಇರಲಿಲ್ಲ. ಇಷ್ಟು ವರ್ಷ ಹೆಚ್ಚಿಗೆ ಕಟ್ಟಿಸಿಕೊಂಡಿದ್ದಾರೆ. ಈ ವರ್ಷದ್ದನ್ನು ಸರಿ ಮಾಡುತ್ತೇವೆ ಅಂತ ಪಟ್ಟಣದ ಕಚೇರಿಯವರೇ ಒಪ್ಪಿದ್ದಾರೆ. ಹಿಂದಿನ ವರ್ಷಗಳದ್ದನ್ನು ವಾಪಸ್ ಕೊಡಲು ಅವರಿಗೆ ಎರಡು ವಸ್ತು ಬೇಕು, ಎರಡೂ ನಿಮ್ಮ ಹತ್ತಿರ ಇವೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ಉಳಿದಿದ್ದನ್ನು ಓದುವುದಿಲ್ಲ.

ಶುರುವಾದದ್ದು ಏಪ್ರಿಲ್‌ನಲ್ಲಿ. ತೆರಿಗೆಯ ಹಸಿರು ಲಕೋಟೆ ಬಂತು. ಪ್ರತಿ ವರ್ಷ ನೀವು ಅದನ್ನು ಒಡೆದು, ನಿಟ್ಟುಸಿರು ಬಿಟ್ಟು, ಫೈಲಿಗೆ ಹಾಕುತ್ತಿದ್ದಿರಿ. ಹೋದ ವರ್ಷ ಮಾತ್ರ ನಿಟ್ಟುಸಿರಿಗೆ ನಿಲ್ಲಿಸದೆ, ನಿನ್ನ ಸಂಡಿಗೆ ಒಣಗೋದಕ್ಕೆ ನಾನು ತೆರಿಗೆ ಕಟ್ಟಬೇಕಾ ಅಂದಿರಿ. ಅದಕ್ಕೆ ನಾನು ಏನಂದೆ ಅಂತ ಇಲ್ಲಿ ಬರೆಯುವುದಿಲ್ಲ, ನಿಮಗೆ ನೆನಪಿದೆ. ಅಕ್ಟೋಬರ್‌ನಲ್ಲಿ ಶಿನಾಗಾವಾ ಆಫೀಸಿನವರು ಅಲ್ಲಿಗೆ ವರ್ಗವಾಗಿ ಬರುತ್ತೀರಾ ಅಂತ ಕೇಳಿದ ತಕ್ಷಣ ನೀವು ಹೂಂ ಅಂದದ್ದೂ ನನಗೆ ನೆನಪಿದೆ.

ಈ ಸಲ ಲಕೋಟೆ ಒಡೆಯುವ ಧೈರ್ಯವಾಗದೆ ಎರಡು ದಿನ ದೇವರ ಮುಂದೆ ಇಟ್ಟಿದ್ದೆ. ಆಮೇಲೆ ಒಡೆದು ನೇಹಾಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವಳು ಮೊದಲು, ಅಮ್ಮಾ ಫೋನ್ ಅಲ್ಲಾಡಿಸ್ಬೇಡ, ದೈಜೋಬು, ಏನೂ ಆಗಲ್ಲ, ಯಾರೂ ನಿನ್ನ ಅರೆಸ್ಟ್ ಮಾಡಲ್ಲ ಅಂದಳು. ಆಮೇಲೆ ಒಂದೊಂದೇ ಸಾಲು ಓದಿದಳು. ಮನೆ ಕೆಳಗಿನ ಜಾಗದ ಮುಂದೆ 'ಮನೆಯ ಜಾಗ' ಅಂತ ಇದೆಯಂತೆ. ಹಿಂದಿನ ಜಾಗದ ಮುಂದೆ ಇರುವುದು ಬೇರೆ ಪದ. ಅದಕ್ಕೆ ಕನ್ನಡದಲ್ಲಿ ಏನು ಅಂತ ಅವಳಿಗೆ ಹೊಳೆಯಲಿಲ್ಲ. ಸುಮಾರು ಹೊತ್ತು ಯೋಚಿಸಿ, 'ಇತರೆ' ಅಂತ ಅಮ್ಮಾ, ಅದರ್ಸ್ ಅಂದಳು.

ನನಗೆ ಅಲ್ಲೇ ಚುರ್ ಅಂತು. ನಾನು ಬೆಳಿಗ್ಗೆ ಎದ್ದು ಬಟ್ಟೆ ಹರವುವ ಜಾಗ, ತುಳಸಿ ಇಟ್ಟ ಜಾಗ, ಕರಿಬೇವಿನ ಕುಂಡವನ್ನು ಚಳಿಗೆ ಒಳಗೆ ಬೇಸಗೆಗೆ ಹೊರಗೆ ಅಂತ ಹೊರುವ ಜಾಗ ಇವರಿಗೆ ಇತರೆಯಂತೆ.

ಮೊಚಿಜುಕಿ-ಸಾನ್ ಹತ್ತಿರ ಹೇಳಿಕೊಂಡೆ. ಪಕ್ಕದ ಮನೆ ಅಜ್ಜಿಗೆ ಎಪ್ಪತ್ತೆಂಟು ವರ್ಷವಾದರೂ ನಾಲಿಗೆಗೆ ಇಪ್ಪತ್ತು ಅಂತ ನೀವೇ ಹೇಳುತ್ತಿದ್ದಿರಿ. ಅವರು ಕನ್ನಡಕ ಏರಿಸಿ ತಮ್ಮ ಲಕೋಟೆಯನ್ನೂ ತಂದರು. ಅವರ ಮನೆ ಹಿಂದೆಯೂ ನಮ್ಮಷ್ಟೇ ದೊಡ್ಡ ತುಂಡು ಜಾಗ ಇದೆಯಲ್ಲ, ಮೂಲಂಗಿ ಹೆಚ್ಚಿ ಒಣಗಿಸುತ್ತಾರಲ್ಲ, ಅದು. ಅದಕ್ಕೆ ಅವರು ಕಟ್ಟುವುದು ನಮ್ಮದರ ಮುಂದೆ ಏನೂ ಅಲ್ಲ. ಮನೆಯ ಜಾಗ ಅಂತ ಬರೆದರೆ ಬೆಲೆಯ ಆರರಲ್ಲಿ ಒಂದು ಪಾಲಿನ ಮೇಲೆ ತೆರಿಗೆಯಂತೆ. ಇತರೆ ಅಂದರೆ ಆ ರಿಯಾಯಿತಿ ಇಲ್ಲ.

ನಿನ್ನ ಸಂಡಿಗೆಗೂ ಸೂರ್ಯ ಒಬ್ಬನೇ, ನನ್ನ ಮೂಲಂಗಿಗೂ ಸೂರ್ಯ ಒಬ್ಬನೇ, ತೆರಿಗೆ ಮಾತ್ರ ಯಾಕೆ ಬೇರೆ, ಹೋಗಿ ಕೇಳು ಅಂದರು ಮೊಚಿಜುಕಿ-ಸಾನ್. ಏಪ್ರಿಲ್, ಮೇ ತಿಂಗಳಲ್ಲಿ ಪಟ್ಟಣದ ಕಚೇರಿಯಲ್ಲಿ ಊರವರ ಜಾಗಗಳಿಗೆಲ್ಲ ಎಷ್ಟೆಷ್ಟು ಬೆಲೆ ಕಟ್ಟಿದ್ದಾರೆ ಅನ್ನುವ ಪುಸ್ತಕವನ್ನು ನೋಡಲು ಇಟ್ಟಿರುತ್ತಾರಂತೆ. ತೆರಿಗೆ ಕಟ್ಟುವವರು ಯಾರು ಬೇಕಾದರೂ ಹೋಗಿ ಪಕ್ಕದವರದ್ದರ ಜೊತೆ ಹೋಲಿಸಿ ನೋಡಬಹುದು. ನಮ್ಮ ಕಡೆ ಪಕ್ಕದ ಮನೆಯವರ ಸೈಟಿನ ಬೆಲೆ ಕೇಳಿದರೆ ಮಾತು ಬಿಡುತ್ತಾರೆ. ಇಲ್ಲಿ ಸರ್ಕಾರವೇ ಬನ್ನಿ ನೋಡಿ ಅನ್ನುತ್ತದೆ.

ನನಗೆ ಭಯವಾಗಲಿಲ್ಲ ಅಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಕೇಳಲು ಹೋದರೆ ವೀಸಾಕ್ಕೆ ತೊಂದರೆ ಮಾಡಿದರೆ? ಮತ್ತೇನಾದರೂ ತಪ್ಪು ಹುಡುಕಿ ಇನ್ನೂ ಜಾಸ್ತಿ ಮಾಡಿದರೆ? ಚಪ್ಪಲಿ ಗೂಡಿಗೂ ತೆರಿಗೆ ಹಾಕಿದರೆ? ನೇಹಾಗೆ ಕೇಳಿದೆ, ಅವಳು ನಕ್ಕಳು. ಬೆಂತೋ ಊಟದ ಡಬ್ಬಿ ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು ಅನ್ನ ತುಂಬುವ ಹೆಂಗಸಿಗೆ ಕೇಳಿದೆ, ಅವಳು, ಚಾಮಿ-ಸಾನ್, ನೀನು ಪ್ರತಿ ಡಬ್ಬಿಯ ಮುಚ್ಚಳ ಎರಡೆರಡು ಸಲ ಒತ್ತಿ ನೋಡುವವಳು, ನಿನ್ನಂಥವರೇ ಹೋಗಬೇಕು ಅಂದಳು. ಆ ಮಾತು ನನಗೆ ನಾಟಿತು. ಅನುಮಾನದ ಸ್ವಭಾವ ಇಷ್ಟು ವರ್ಷ ನನ್ನನ್ನು ತಿಂದಿದೆ, ಒಂದು ಸಲ ನನಗೆ ದುಡಿಯಲಿ ಅಂತ ಮೊಚಿಜುಕಿ-ಸಾನ್ ಜೊತೆ ಹೊರಟೆ.

ಕೌಂಟರ್‌ನಲ್ಲಿ ಮೊದಲನೇ ಕಂಟಕ. ಜಾಗ ನಿಮ್ಮ ಹೆಸರಿನಲ್ಲಿದೆ. ಮಾಲೀಕರಿಗೆ ನೀವು ಏನಾಗಬೇಕು, ಇಬ್ಬರೂ ಒಂದೇ ಮನೆಯಲ್ಲಿ ಇದ್ದೀರಾ ಅಂತ ಅಲ್ಲಿದ್ದ ಹುಡುಗಿ ನನ್ನನ್ನು ಕೇಳಿದಳು. ಇಲ್ಲ ಅಂದರೆ ವಾಪಸ್ ಕಳಿಸುತ್ತಾರೆ, ಹೌದು ಅಂದರೆ ಸುಳ್ಳು. ನಾನು ಸುಮಿಮಾಸೆನ್, ಸುಮಿಮಾಸೆನ್ ಅಂತ ಕ್ಷಮೆ ಕೇಳುತ್ತಾ ನಿಂತಿರುವಾಗಲೇ ಆ ಹುಡುಗಿ ಕಂಪ್ಯೂಟರ್ ನೋಡಿ, ಹೌದು, ಒಂದೇ ಮನೆ ಅಂತಲೇ ಇದೆ, ಬನ್ನಿ ಅಂದಳು. ನೀವು ವಿಳಾಸ ಬದಲಾಯಿಸಿಲ್ಲ. ಶಿನಾಗಾವಾಕ್ಕೆ ಹೋದವರು ಮರೆತಿರಬಹುದು, ಕೆಲಸದ ಒತ್ತಡ ಇರುತ್ತದೆ. ಕಾರಣ ನಾನು ಕೇಳುತ್ತಿಲ್ಲ. ಕಂಪ್ಯೂಟರಿನಲ್ಲಿ ನೀವು ಇನ್ನೂ ಇಲ್ಲೇ ಇದ್ದೀರಿ ಅಂತ ತಿಳಿಸಿದೆ, ಅಷ್ಟೇ.

ಪುಸ್ತಕ ನೋಡಿದೆವು. ಮೊಚಿಜುಕಿ-ಸಾನ್ ಬೆರಳಿಟ್ಟು ಓದಿ ಹೇಳುತ್ತಾ ಹೋದರು. ನಮ್ಮ ಸಾಲಿನಲ್ಲಿ ಮನೆ ಹಿಂದೆ ಜಾಗ ಇರುವವರೆಲ್ಲರದ್ದೂ ಮನೆಯ ಜಾಗವೇ. ನಮ್ಮದೊಂದು ಮಾತ್ರ ಬೇರೆ. ಯಾಕೆ ಅಂತ ಕೇಳಿದ್ದಕ್ಕೆ ಒಳಗಿನಿಂದ ಕಾತೋ-ಸಾನ್ ಅನ್ನುವ ಸಣಕಲು ಹುಡುಗ ಬಂದ. ಹುಡುಗ ಅಂದರೆ ಮೂವತ್ತು ದಾಟಿರಬಹುದು, ತೆರಿಗೆ ವಿಭಾಗದವನು. ಪ್ರತಿ ವಾಕ್ಯಕ್ಕೂ ತಲೆ ಬಾಗಿಸುತ್ತಾನೆ, ಆದರೆ ಹೇಳಿದ್ದನ್ನು ಬಿಡುವುದಿಲ್ಲ. ಅವನು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದ. ಜನವರಿ ಒಂದನೇ ತಾರೀಕಿಗೆ ಜಾಗ ಹೇಗಿದೆಯೋ ಅದರ ಮೇಲೆ ಆ ವರ್ಷದ ತೆರಿಗೆಯಂತೆ. ಅದಕ್ಕೆ ಪ್ರತಿ ವರ್ಷ ಜನವರಿ ಮೊದಲ ವಾರದಲ್ಲಿ ಊರಿನ ಮೇಲೆ ವಿಮಾನ ಹಾರಿಸಿ ಫೋಟೋ ತೆಗೆಸುತ್ತಾರಂತೆ.

ರೀ, ಹೋದ ವರ್ಷದ ಜನವರಿಯ ಚಿತ್ರದಲ್ಲಿ ನಮ್ಮ ಮನೆಯನ್ನು ಆಕಾಶದಿಂದ ನೋಡಿದೆ. ಚಾವಣಿಯ ಮೇಲೆ ನೀವು ಬದಲಿಸಿದ ಹೆಂಚು ಕೂಡ ಕಾಣುತ್ತದೆ, ಬಣ್ಣ ಒಂದು ಚೂರು ಗಾಢ. ಹಿಂದೆ ನಮ್ಮ ಜಾಗ. ನಾಲ್ಕೂ ಕಡೆ ಕಾಂಪೌಂಡು. ರಸ್ತೆ ಕಡೆ ಗೇಟು. ಒಳಗೆ ಸಾಲಾಗಿ ಬಿಳಿ ಬಿಳಿ ಚೌಕಗಳು, ಮೂಲೆಯಲ್ಲಿ ಒಂದು ಗುಂಡನೆಯ ಕಪ್ಪು ವಸ್ತು.

ಕಾತೋ-ಸಾನ್ ಬಹಳ ಸಂಕೋಚದಿಂದ ಹೇಳಿದ. ಮನೆಗೂ ಜಾಗಕ್ಕೂ ನಡುವೆ ಗೋಡೆ ಇದೆ, ಗೇಟಿಗೆ ಬೀಗ ಇದೆ, ಒಳಗೆ ಬಿಳಿ ಹಲಗೆಗಳನ್ನು ಜೋಡಿಸಿದ್ದಾರೆ, ಮೂಲೆಯಲ್ಲಿ ಎಣ್ಣೆ ಡ್ರಮ್ಮು ಇದೆ, ಅದಕ್ಕೂ ಹಿಂದಿನ ವರ್ಷಗಳಲ್ಲೂ ಹೀಗೇ ಇದೆ. ಆದ್ದರಿಂದ ಇದು ಯಾವುದೋ ಕಟ್ಟಡ ಸಾಮಾನಿನ ಗೋದಾಮಿನ ಅಂಗಳ ಅಂತ ನಾವು ಭಾವಿಸಿದ್ದೆವು ಅಂದ.

ನನಗೆ ಒಂದು ನಿಮಿಷ ಏನೂ ತಿಳಿಯಲಿಲ್ಲ. ಹಲಗೆ ಎಲ್ಲಿಂದ ಬಂತು, ಡ್ರಮ್ಮು ಎಲ್ಲಿಂದ ಬಂತು? ಆಮೇಲೆ ತಿಳಿಯಿತು. ತಿಳಿದ ಮೇಲೆ ನಗು ತಡೆಯಲು ಆಗಲಿಲ್ಲ, ಸರ್ಕಾರಿ ಕಚೇರಿಯಲ್ಲಿ ಜೋರಾಗಿ ನಕ್ಕುಬಿಟ್ಟೆ. ಮೊಚಿಜುಕಿ-ಸಾನ್ ನನ್ನ ತೋಳು ಹಿಡಿದುಕೊಂಡರು, ಎಲ್ಲೋ ತಲೆ ಕೆಟ್ಟಿತು ಅಂದುಕೊಂಡು.

ಹಲಗೆಗಳು ನಿಮ್ಮ ಹಳೇ ಪಂಚೆಗಳು. ಮೈಸೂರಿನಲ್ಲಿ ಶಿವರಾತ್ರಿ ಕಳೆದ ಮೇಲೆ ಇಡುವ ಸಂಡಿಗೆಯನ್ನು ಇಲ್ಲಿ ಜನವರಿಯಲ್ಲಿ ಇಡಬೇಕು ಅಂತ ಕಂಡುಹಿಡಿದವರು ನೀವು. ಬೇಸಗೆಯಲ್ಲಿ ಇಲ್ಲಿ ಗಾಳಿಯೇ ಒದ್ದೆ, ಸಂಡಿಗೆ ಬೂಸಲು ಹಿಡಿಯುತ್ತದೆ. ಚಳಿಗಾಲದಲ್ಲಿ ನಮ್ಮ ಈ ಹಮಾಮತ್ಸು ಕಡೆಯ ಒಣಗಾಳಿ, ಮೋಡವಿಲ್ಲದ ಬಿಸಿಲು. ಮೊಚಿಜುಕಿ-ಸಾನ್ ಮೂಲಂಗಿ ಒಣಗಿಸುವುದೂ ಆಗಲೇ. ನಿಮಗೆ ಹೊಸ ವರ್ಷಕ್ಕೆ ಫ್ಯಾಕ್ಟರಿ ರಜ. ನಾನು ಹಿಟ್ಟು ಕಾಸಿ ಚಕ್ಕುಲಿ ಒರಳಿನಲ್ಲಿ ಒತ್ತುವುದು, ನೀವು ಪಂಚೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಡುವುದು, ಆಮೇಲೆ ಕಪ್ಪು ಕೊಡೆ ಬಿಚ್ಚಿಕೊಂಡು ಮೂಲೆಯಲ್ಲಿ ಕುರ್ಚಿ ಹಾಕಿ ಕೂತು ಕಾಗೆ ಕಾಯುವುದು. ಜಪಾನಿನ ಕಾಗೆಗೆ ಕೋಲು ತೋರಿಸಿದರೆ ಹೆದರುವುದಿಲ್ಲ, ಕೊಡೆ ಮುಚ್ಚಿ ಬಿಚ್ಚಿದರೆ ಹೆದರುತ್ತದೆ ಅಂತ ನೀವು ದೊಡ್ಡ ಸಂಶೋಧನೆ ಮಾಡಿದವರ ಹಾಗೆ ಎಲ್ಲರಿಗೂ ಹೇಳುತ್ತಿದ್ದಿರಿ.

ನಾನು ಕಾತೋ-ಸಾನ್‌ಗೆ ಆ ಕಪ್ಪು ಗುಂಡನ್ನು ತೋರಿಸಿ ಹೇಳಿದೆ, ಇದು ಡ್ರಮ್ಮಲ್ಲ, ನನ್ನ ಗಂಡ.

ಅವನು ಚಿತ್ರ ನೋಡಿದ, ನನ್ನನ್ನು ನೋಡಿದ. ಕ್ಷಮಿಸಿ ಅಂತ ಎದ್ದು ನಿಂತು ತಲೆ ಬಾಗಿಸಿದ. ಯಾರಿಗೆ ಬಾಗಿಸಿದನೋ, ನನಗೋ ಚಿತ್ರದಲ್ಲಿರುವ ನಿಮಗೋ ತಿಳಿಯಲಿಲ್ಲ.

ಮಾರನೇ ದಿನ ಡಬ್ಬಿಯಲ್ಲಿ ಸಂಡಿಗೆ ತೆಗೆದುಕೊಂಡು ಮತ್ತೆ ಇಬ್ಬರೂ ಹೋದೆವು. ಹಸಿಯದ್ದು, ಕರಿದದ್ದು ಎರಡೂ. ಇದೇ ನೋಡಿ ನಿಮ್ಮ ಕಟ್ಟಡ ಸಾಮಾನು ಅಂತ ಮೇಜಿನ ಮೇಲಿಟ್ಟೆ. ಕಾತೋ-ಸಾನ್ ಹಸಿ ಸಂಡಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಕರಿದದ್ದನ್ನು ಮುಟ್ಟಲಿಲ್ಲ, ಕಾಣಿಕೆ ಸ್ವೀಕರಿಸುವಂತಿಲ್ಲವಂತೆ. ತಿನ್ನಬೇಡಿ, ವಾಸನೆಯಾದರೂ ನೋಡಿ ಅಂದೆ. ಅದಕ್ಕೂ ಸ್ವಲ್ಪ ಯೋಚಿಸಿದ.

ಆಮೇಲೆ ಅವನು ಒಂದು ಪ್ರಶ್ನೆ ಕೇಳಿದ. ಇಷ್ಟೊಂದು ಮಾಡುತ್ತೀರಲ್ಲ, ಮಾರುತ್ತೀರಾ ಅಂತ. ಮಾರಿದರೆ ವ್ಯಾಪಾರದ ಜಾಗವಾಗುತ್ತದೆ, ಮನೆಯ ಜಾಗವಾಗುವುದಿಲ್ಲ. ನಾವು ಒಂದು ಯೆನ್ನೂ ತೆಗೆದುಕೊಂಡಿಲ್ಲ, ಅದು ಸತ್ಯ. ಆದರೆ ತ್ಸುಕುಬಾದಲ್ಲಿರುವ ನನ್ನ ಗೆಳತಿ ಯಾಮಿನಿ ಪ್ರತಿ ಸಲ ಸಂಡಿಗೆ ಡಬ್ಬಿಗೆ ಬದಲಾಗಿ ತೊಗರಿಬೇಳೆ ತುಂಬಿ ಕಳಿಸುತ್ತಾಳಲ್ಲ, ಅದನ್ನು ಹೇಳಬೇಕೋ ಬೇಡವೋ? ಹೇಳದೆ ಬಂದರೆ ಆಮೇಲೆ ಗೊತ್ತಾಗಿ ನಿಮ್ಮ ಹೆಸರು ಕೆಟ್ಟರೆ? ಹೇಳಿಯೇಬಿಟ್ಟೆ. ಖಾಲಿ ಡಬ್ಬಿ ವಾಪಸ್ ಕಳಿಸಬಾರದು ಅನ್ನುವುದು ನಮ್ಮ ಪದ್ಧತಿ, ಅವಳೂ ಅದನ್ನೇ ಮಾಡುತ್ತಾಳೆ ಅಂತಲೂ ಹೇಳಿದೆ. ಕಾತೋ-ಸಾನ್ ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದ. ಅಷ್ಟು ಹೊತ್ತೂ ನಾನು ಮನಸ್ಸಿನಲ್ಲೇ ಯಾಮಿನಿಯನ್ನೂ ಅವಳ ಬೇಳೆಯನ್ನೂ ಬೈಯುತ್ತಿದ್ದೆ. ಅಷ್ಟರಲ್ಲಿ ಮೊಚಿಜುಕಿ-ಸಾನ್ ಕೂತಲ್ಲಿಂದಲೇ, ಬೇಳೆ ಕೊಟ್ಟರೆ ಅಂಗಡಿ ಅನ್ನೋದಾದರೆ ನನ್ನ ಮೂಲಂಗಿಯೂ ಅಂಗಡಿಯೇ, ಈ ಬೀದಿಯೆಲ್ಲ ಸಂತೆಯೇ ಅಂತ ಜೋರಾಗಿ ಹೇಳಿದರು. ಮೇಲಿನವರಿಗೆ ಅದು ಕೇಳಿಸಿತೋ ಏನೋ, ಅದು ವ್ಯಾಪಾರವಲ್ಲ ಅಂತ ಉತ್ತರ ಬಂತು.

ಹೋದ ಮಂಗಳವಾರ ಕಾತೋ-ಸಾನ್ ಅಳತೆಯ ಟೇಪು ಹಿಡಿದು ಮನೆಗೇ ಬಂದ. ತನ್ನ ನೀರಿನ ಬಾಟಲಿ ತಾನೇ ತಂದಿದ್ದ, ನಮ್ಮ ಟೀ ಮುಟ್ಟಲಿಲ್ಲ. ಅವನ ಮುಂದಿಟ್ಟ ಸಂಡಿಗೆಯನ್ನು ಮೊಚಿಜುಕಿ-ಸಾನ್, ನಾನು ಸರ್ಕಾರಿ ನೌಕರಳಲ್ಲ ಅನ್ನುತ್ತಾ ಪೂರ್ತಿ ತಿಂದರು.

ಇಲ್ಲಿ ನಿಮಗೆ ಬೇಸರವಾಗುವ ಒಂದು ಮಾತು ಬರುತ್ತದೆ. ಓದುವಾಗ ನಿಧಾನವಾಗಿ ಓದಿ.

ಗೋಡೆಯ ಮಾತು. ಆ ಜಾಗ ಕೊಂಡ ವಾರದಲ್ಲೇ ನೀವು ಕಾಂಪೌಂಡು ಹಾಕಿಸಿದಿರಿ. ನಮ್ಮ ಮನೆಗೂ ನಮ್ಮ ಜಾಗಕ್ಕೂ ನಡುವೆ ಯಾಕೆ ಗೋಡೆ ಅಂತ ನಾನು ಕೇಳಿದ್ದಕ್ಕೆ, ಸೈಟು ಅಂದಮೇಲೆ ನಾಲ್ಕು ಕಡೆಯೂ ಕಾಂಪೌಂಡು ಇರಬೇಕು ಅಂದಿರಿ. ಮಾವನವರ ಕುವೆಂಪುನಗರದ ಸೈಟು ಹೋದದ್ದೇ ಹಾಗಲ್ಲವೇ. ಮೂರು ಕಡೆ ಗೋಡೆ ಹಾಕಿಸಿ, ನಾಲ್ಕನೇ ಕಡೆ ತಮ್ಮನದೇ ಮನೆ ಅಂತ ಬಿಟ್ಟರು, ತಮ್ಮನೇ ನುಂಗಿದ. ಆ ನೋವು ನನಗೆ ಗೊತ್ತು. ಮೈಸೂರಿನಿಂದ ಹೊತ್ತು ತಂದ ಹಿತ್ತಾಳೆ ಬೀಗವನ್ನು ನೀವು ಗೇಟಿಗೆ ಹಾಕಿ, ಎಳೆದು ನೋಡಿ, ಸಮಾಧಾನದಿಂದ ನನ್ನ ಕಡೆ ತಿರುಗಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಚಿಜುಕಿ-ಸಾನ್ ಈಗ ಹೇಳುತ್ತಾರೆ, ಆಗ ಬೀದಿಯ ಮಕ್ಕಳೆಲ್ಲ ಇಂಡಿಯಾದವರು ಒಳಗೆ ಹುಲಿ ಸಾಕಿದ್ದಾರೆ ಅಂತ ಮಾತಾಡಿಕೊಳ್ಳುತ್ತಿದ್ದರಂತೆ.

ಆ ಗೋಡೆ ಯಾರು ಹಾಕಿಸಿದ್ದು ಅಂತ ಕಾತೋ-ಸಾನ್ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಕಚೇರಿಯವರು ಜಾಗವನ್ನು ಬೇರೆ ಅಂತ ಎಣಿಸಿದ್ದಕ್ಕೆ ಮುಖ್ಯ ಕಾರಣ ಅದೇ. ಆಗ ನಾನು ಅವನನ್ನು ಅಡುಗೆಮನೆ ಹಿಂದೆ ಕರೆದುಕೊಂಡು ಹೋಗಿ ಕಂಡಿ ತೋರಿಸಿದೆ. ನೆನಪಿದೆಯಾ, ಸಂಡಿಗೆ ಪಾತ್ರೆ ಹೊತ್ತು ರಸ್ತೆ ಸುತ್ತಿ ಬರಲು ನನ್ನ ಕೈಲಾಗುವುದಿಲ್ಲ ಅಂತ ನಾನು ಹಟ ಹಿಡಿದು ಮೇಸ್ತ್ರಿಯ ಕೈಲಿ ಒಬ್ಬರು ನುಸುಳುವಷ್ಟು ಬಿಡಿಸಿದ್ದು. ಸೂರಿನ ಕೆಳಗೆ ಇರುವುದರಿಂದ ವಿಮಾನಕ್ಕೆ ಕಾಣಲಿಲ್ಲ. ಅಡುಗೆಮನೆ ಬಾಗಿಲಿನಿಂದ ಆ ಕಂಡಿಯವರೆಗೆ, ಕಂಡಿಯಿಂದ ತುಳಸಿಯವರೆಗೆ ಹುಲ್ಲು ಸತ್ತು ಕಾಲ್ದಾರಿಯೇ ಬಿದ್ದಿದೆ. ಕಾತೋ-ಸಾನ್ ಬಗ್ಗಿ ಕೂತು ಅದನ್ನು ನೋಡಿದ, ಅಂಗೈ ಇಟ್ಟು ನೋಡಿದ. ಎಷ್ಟು ಗಟ್ಟಿಯಾಗಿದೆ, ಇದು ಇವತ್ತು ನಿನ್ನೆ ಓಡಾಡಿದ್ದಲ್ಲ ಅಂದ. ಶಾಲೆಯಲ್ಲಿ ಯಾವ ಮೇಷ್ಟರೂ ನನಗೆ ಅಂಥ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ.

ಅಲ್ಲೇ ನಿಂತು ಹೇಳಿದ, ಈ ವರ್ಷದ ತೆರಿಗೆಯನ್ನು ತಿದ್ದಿ ಹೊಸ ಚೀಟಿ ಕಳಿಸುತ್ತೇವೆ ಅಂತ. ಹಿಂದಿನ ಐದು ವರ್ಷದ ಹೆಚ್ಚಿನ ಹಣವನ್ನೂ ಬಡ್ಡಿ ಸೇರಿಸಿ ವಾಪಸ್ ಕೊಡಲು ದಾರಿ ಇದೆ. ಆದರೆ ಆಗಲೂ ಇದು ಮನೆಯ ಜಾಗವಾಗಿಯೇ ಇತ್ತು ಅನ್ನುವುದಕ್ಕೆ ವರ್ಷಕ್ಕೊಂದಾದರೂ ಆಧಾರ ಬೇಕು.

ಈಗ ಬಂತು ನೋಡಿ ನಾನು ಮೇಲೆ ಹೇಳಿದ ಎರಡು ವಸ್ತು.

ನಿಮ್ಮ ಸಹಿ ಬೇಕು. ಮರುಪಾವತಿಯ ಅರ್ಜಿ ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕುವ ಕಡೆ ನೇಹಾ ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದಾಳೆ. ಹಣ ನಿಮ್ಮ ಖಾತೆಗೇ ಬರುತ್ತದೆ, ಅದರಲ್ಲಿ ನನಗೆ ಪಾಲು ಬೇಡ. ಬಂದರೆ ಒಂದು ಹೊಸ ಒರಳು ಕೊಡಿಸಿ ಸಾಕು, ಹಳೆಯದರ ಹಿಡಿ ಸಡಿಲವಾಗಿದೆ.

ಇನ್ನೊಂದು, ನಿಮ್ಮ ಫೋನಿನಲ್ಲಿರುವ ಫೋಟೋಗಳು. ಪ್ರತಿ ಜನವರಿ ನೀವು ಮಹಡಿ ಕಿಟಕಿಯಿಂದ ನಾನು ಸಂಡಿಗೆ ಒತ್ತುವುದನ್ನು ತೆಗೆದು ಊರಿನ ಗ್ರೂಪಿಗೆ ಹಾಕುತ್ತಿದ್ದಿರಿ. ನನ್ನ ಜಡೆ ಹಿಟ್ಟಿಗೆ ಬೀಳುತ್ತಿರುವುದು, ನಾನು ಕಿಟಕಿಯತ್ತ ಬೈಯುತ್ತಿರುವುದು, ನೀವೇ ಕೊಡೆ ಹಿಡಿದು ತೆಗೆದುಕೊಂಡ ಸೆಲ್ಫಿ, ಎಲ್ಲದರಲ್ಲೂ ತಾರೀಕು ಇರುತ್ತದೆ. ನನ್ನ ಫೋನು ಹೋದ ವರ್ಷ ನೀರಿಗೆ ಬಿದ್ದಮೇಲೆ ನನ್ನ ಹತ್ತಿರ ಒಂದೂ ಇಲ್ಲ. ಗ್ರೂಪಿನಲ್ಲಿ ಹುಡುಕಿದರೆ ಸಿಗಬಹುದು ಅಂತ ನೇಹಾ ಹೇಳಿದಳು. ಬೇಡ, ಅವರ ಹತ್ತಿರವೇ ಇರುತ್ತದೆ ಅಂದೆ. ಅಳಿಸಿದ್ದರೆ ಅಂತ ಅವಳು ಕೇಳಿದಳು. ಅಳಿಸಿರುವುದಿಲ್ಲ ಅಂದೆ. ನೋಡಿ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಅಂತ ಮೂರು ಸಲ ಎದ್ದು ನೋಡುವ ನಾನು ಈ ಒಂದು ವಿಷಯದಲ್ಲಿ ಎದ್ದು ನೋಡುವ ಅಗತ್ಯವೇ ಇಲ್ಲದ ಹಾಗೆ ಕೂತಿದ್ದೇನೆ.

ಇದರ ಜೊತೆ ಒಂದು ಅಪ್ಪಣೆಯೂ ಬೇಕು. ಮನೆಗೂ ಜಾಗಕ್ಕೂ ನಡುವಿನ ಆ ಒಂದು ಗೋಡೆಯನ್ನು ತೆಗೆಸುತ್ತೇನೆ. ತೆಗೆಯಲೇಬೇಕು ಅಂತ ಕಾನೂನಿಲ್ಲ, ಆದರೆ ಅದು ಇದ್ದರೆ ಬರುವ ಜನವರಿಯಲ್ಲಿ ಬೇರೆ ಯಾರೋ ಚಿತ್ರ ನೋಡಿ ಮತ್ತೆ ಇತರೆ ಅಂತ ಬರೆದಾರು. ಉಳಿದ ಮೂರು ಕಡೆ ನಿಮ್ಮ ಕಾಂಪೌಂಡು ಹಾಗೇ ಇರಲಿ. ಗೇಟಿನ ಬೀಗವೂ ಇರಲಿ, ಪ್ರತಿ ಶುಕ್ರವಾರ ಎಣ್ಣೆ ಹಾಕುತ್ತಿದ್ದೇನೆ. ನಾಲ್ಕನೇ ಕಡೆ ಇರುವುದು ನಿಮ್ಮ ಚಿಕ್ಕಪ್ಪನಲ್ಲ ರೀ, ನಾನು. ನಾನು ನಿಮ್ಮ ಜಾಗ ನುಂಗುವುದಿಲ್ಲ.

ಇನ್ನು ಬ್ರೋಕರ್ ವಿಷಯ. ಹೋದ ವಾರ ಅವನು ಪಾರ್ಕಿಂಗ್ ಕಂಪನಿಯವರನ್ನು ಕರೆತಂದಿದ್ದ. ಗೇಟು ತೆಗೆಯಿರಿ ಅಂದ. ತೆರಿಗೆ ಇಲಾಖೆಯಲ್ಲಿ ಕೆಲಸ ನಡೆಯುತ್ತಿದೆ, ಯಜಮಾನರು ಬಂದು ಮಾತಾಡುತ್ತಾರೆ ಅಂತ ಹೇಳಿ ಕಳಿಸಿದೆ. ತೆರಿಗೆ ಇಲಾಖೆ ಅಂದಿದ್ದಕ್ಕೆ ಅವನೂ ಮೂರು ಸಲ ತಲೆ ಬಾಗಿಸಿದ. ಆ ಪದಕ್ಕೆ ಇಷ್ಟು ಶಕ್ತಿ ಇದೆ ಅಂತ ಗೊತ್ತಿದ್ದರೆ ಮೊದಲೇ ಬಳಸುತ್ತಿದ್ದೆ.

ನಾನು ನಿಮ್ಮನ್ನು ಬನ್ನಿ ಅಂತ ಕರೆಯಲು ಈ ಕಾಗದ ಬರೆಯುತ್ತಿಲ್ಲ. ಸಹಿಯನ್ನು ಅಂಚೆಯಲ್ಲಿ ಕಳಿಸಿದರೂ ಆಗುತ್ತದೆ, ಫೋಟೋಗಳನ್ನು ಫೋನಿನಲ್ಲೇ ಕಳಿಸಬಹುದು. ಜಾಗ ಮಾತ್ರ ಮಾರಬೇಡಿ. ತೆರಿಗೆ ಅನ್ನುವ ಕಾರಣ ಮುಗಿಯಿತು. ಮಾರುವುದಕ್ಕೆ, ದೂರ ಇರುವುದಕ್ಕೆ ಬೇರೆ ಕಾರಣ ಇದ್ದರೆ ಅದನ್ನು ಬ್ರೋಕರ್‌ಗೆ ಹೇಳಬೇಡಿ. ಶಿನ್‌ಕಾನ್‌ಸೆನ್ ರೈಲು ಹತ್ತಿ ಬಂದು ನನ್ನ ಎದುರು ಕೂತು ಹೇಳಿ. ಕೇಳುವ ಶಕ್ತಿ ನನಗೆ ಇದೆ. ಸರ್ಕಾರವನ್ನೇ ಕೇಳಿ ಬಂದವಳು ನಾನು.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ದಿನಾ ಕೊಂಬಿನಿ ಅಂಗಡಿಯ ಅನ್ನದ ಉಂಡೆ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ. ಲಕೋಟೆ ದಪ್ಪ ಇರುವುದು ಅರ್ಜಿಯಿಂದಲ್ಲ, ಒಳಗೆ ಒಂದು ಪೊಟ್ಟಣ ಅರಳು ಸಂಡಿಗೆ ಇದೆ. ಅಂಚೆಯಲ್ಲಿ ಪುಡಿಯಾಗಿದ್ದರೆ ಮೊಸರನ್ನಕ್ಕೆ ಹಾಕಿಕೊಳ್ಳಿ.

ನಿಮ್ಮ ಮನೆಯಲ್ಲೇ ಇರುವ,
ಚಾಮುಂಡೇಶ್ವರಿ

ಮರೆತಿದ್ದೆ: ಕಾತೋ-ಸಾನ್ ಹೊರಡುವ ಮುಂಚೆ ಈ ಜನವರಿಯ ಚಿತ್ರವನ್ನೂ ತೋರಿಸಿದ. ಪಂಚೆಗಳು ಈ ಸಲವೂ ಇವೆ, ಸ್ವಲ್ಪ ವಕ್ರವಾಗಿವೆ, ಅರ್ಧ ಸಂಡಿಗೆ ಕಾಗೆಯ ಪಾಲಾಯಿತು. ಮೂಲೆ ಖಾಲಿ. ಯಜಮಾನರು ಕಾಣುತ್ತಿಲ್ಲವಲ್ಲ ಅಂತ ಅವನು ಟೇಪು ಸುತ್ತುತ್ತಾ ಕೇಳಿದ. ಒಳಗೆ ಕಾಫಿ ಕುಡಿಯಲು ಹೋಗಿದ್ದಾರೆ, ಇನ್ನೇನು ಬರುತ್ತಾರೆ ಅಂದುಬಿಟ್ಟೆ. ಅವನು ಅದನ್ನು ಹಾಗೇ ಬರೆದುಕೊಂಡ.